ತರಗು ಬೆಂಕಿಯೂ ಕಾಳ್ಗಿಚ್ಚೂ ಒಂದಲ್ಲ

ತಪ್ಪು ಕಲ್ಪನೆ: ಬೆಂಕಿ ಬಿದ್ದರೆ ಕಾಡು ಹಾಳಾದಂತೆಯೇ.

ಯಾವ ತಿಂಗಳಲ್ಲಿ ಬಿತ್ತು ಎಂದು ಮೊದಲು ಕೇಳಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರು ಜನವರಿ–ಫೆಬ್ರುವರಿಯಲ್ಲಿ, ಬೇಸಿಗೆ ಬಲಿಯುವ ಮುನ್ನವೇ, ಉದುರಿದ ಎಲೆಗೂ ಒಣಹುಲ್ಲಿಗೂ ಕಿಚ್ಚಿಡುತ್ತಿದ್ದರು. ಅದೇ ತರಗು ಬೆಂಕಿ. ನೆಲದ ಮೇಲೇ ಸರಿದುಹೋಗುವ ಈ ಗಿಡ್ಡ ಜ್ವಾಲೆಯನ್ನು ಏಪ್ರಿಲ್‌ನ ಕಾಳ್ಗಿಚ್ಚಿನ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ.

ತಪ್ಪು ಕಲ್ಪನೆ: ಸುಟ್ಟ ಹುಲ್ಲು ಸತ್ತಂತೆ; ಚಿಗುರಿದರೆ ಅದು ಬೂದಿಯ ಮಹಿಮೆ.

ಹಲವು ವರ್ಷ ಬಾಳುವ ಹುಲ್ಲುಗಳ ಚಿಗುರುವ ಮೊಗ್ಗು ನೆಲಮಟ್ಟದಲ್ಲೋ ಮಣ್ಣೊಳಗೋ ಇರುತ್ತದೆ. ಬೇಗ ಹಾದುಹೋಗುವ ಬೆಂಕಿಯ ಕಾವು ಅಲ್ಲಿಗೆ ಅಷ್ಟಾಗಿ ಇಳಿಯದು. ಹಳೆಯ ಹುಲ್ಲು ಹೋಗಿ ಬುಡಕ್ಕೆ ಬಿಸಿಲು ತಾಗಿದಾಗ ಎಳೆಹುಲ್ಲು ಏಳುತ್ತದೆ, ಜಿಂಕೆ, ಕಾಟಿ ಮೇಯಲು ಬರುತ್ತವೆ. ಬೂದಿಯಲ್ಲಿ ಪೊಟ್ಯಾಶ್, ರಂಜಕ ಉಳಿಯುವುದು ನಿಜವೇ. ಸಾರಜನಕ ಮಾತ್ರ ಬಹುಪಾಲು ಗಾಳಿಪಾಲು.

ತಪ್ಪು ಕಲ್ಪನೆ: ಬೆಂಕಿ ನಿಷೇಧಿಸಿದರೆ ಕಾಡು ಕ್ಷೇಮ.

1974ರಲ್ಲಿ ಬಿಳಿಗಿರಿಯನ್ನು ಅಭಯಾರಣ್ಯವೆಂದು ಘೋಷಿಸಿದ ಮೇಲೆ ತರಗು ಬೆಂಕಿಗೆ ತಡೆ ಬಿತ್ತು. ಸುಡದೆ ಉಳಿದ ತರಗು ಪೇರುತ್ತ ಹೋದರೆ ಮುಂದೆ ತಗಲುವ ಕಿಡಿ ದೊಡ್ಡದಾಗಿಯೇ ಉರಿಯುತ್ತದೆ. ಇನ್ನು ಲಂಟಾನ ಎಂಬ ಕಳೆಪೊದೆ: 1997ರಲ್ಲಿ ಸಮೀಕ್ಷೆಯ ಶೇ 41ರಷ್ಟು ತಾಣಗಳಲ್ಲಿದ್ದದ್ದು 2008ಕ್ಕೆ ಶೇ 81ರಲ್ಲಿ ಹಬ್ಬಿತ್ತು. ಅದರ ಸಸಿ ಎಳೆಯದಾಗಿರುವಾಗಲೇ ತರಗು ಬೆಂಕಿಗೆ ಸಾಯುತ್ತಿತ್ತು ಎನ್ನುತ್ತಾರೆ ಸೋಲಿಗರು. ನೆಲ್ಲಿಮರಕ್ಕೆ ಬಂದಳಿಕೆ ಹೆಚ್ಚಲೂ ಬೆಂಕಿ ನಿಂತದ್ದೇ ಕಾರಣ ಎಂಬುದು ಅವರ ಮಾತು. ಎಲ್ಲವನ್ನೂ ನಿಷೇಧವೊಂದರ ತಲೆಗೆ ಕಟ್ಟಲಾಗದು. ಆದರೂ ನಿಷೇಧ ಹೇರುವ ಮೊದಲು ಅವರನ್ನು ಕೇಳಬೇಕಿತ್ತು.

ತಪ್ಪು ಕಲ್ಪನೆ: ಹಾಗಾದರೆ ಈಗಲೇ ಕಡ್ಡಿ ಗೀರಿದರಾಯಿತು!

ಇದು ಎಲ್ಲಕ್ಕಿಂತ ಅಪಾಯದ್ದು. ಬೆಳೆದುನಿಂತ ಲಂಟಾನ ಜ್ವಾಲೆಯನ್ನು ಮರದ ನೆತ್ತಿಗೇ ಹತ್ತಿಸುತ್ತದೆ, ಸುಟ್ಟ ಮೇಲೂ ಬುಡದಿಂದ ಚಿಗುರುತ್ತದೆ. ಮೊದಲು ಅದನ್ನು ಬೇರುಸಹಿತ ಕೀಳಬೇಕು.

ಬಯಲು ಹುಲ್ಲುಗಾವಲಲ್ಲೂ ಎಚ್ಚರ ಬೇಕು. ಅಸ್ಸಾಮಿನ ಕಾಜಿರಂಗದಲ್ಲಿ ಅರಣ್ಯ ಇಲಾಖೆಯೇ ಹುಲ್ಲು ಸುಡಿಸುತ್ತದೆ. ಇಲ್ಲವಾದರೆ ಮರಗಿಡ ಹಬ್ಬಿ ಘೇಂಡಾಮೃಗದ ಮೇವು ಕುಗ್ಗುತ್ತದೆ. ಅದೇ ರಾಜ್ಯದ ಮಾನಸದಲ್ಲಿರುವ ಪಿಗ್ಮಿ ಹಂದಿ ಒಂದಡಿ ಎತ್ತರವೂ ಇಲ್ಲದ ಪ್ರಾಣಿ. ಅದು ಗೂಡು ಕಟ್ಟಿ ಮರಿ ಹಾಕುವುದು ಎತ್ತರದ ಹುಲ್ಲಿನ ನಡುವೆ. ಇಡೀ ಬಯಲನ್ನು ಒಮ್ಮೆಗೇ, ಅದೂ ತಡವಾಗಿ ಸುಟ್ಟರೆ ಅದು ಅಡಗುವುದೆಲ್ಲಿ? ಅದಕ್ಕೇ ಸುತ್ತ ಬೆಂಕಿ ರೇಖೆ ಸವರಿ, ಒಂದೊಂದು ತುಂಡನ್ನು ಸರದಿಯಲ್ಲಿ ಬೇಗನೆ ಸುಟ್ಟು, ಉಳಿದದ್ದನ್ನು ಹಾಗೇ ಬಿಡಬೇಕು. ಇದು ಇಲಾಖೆಯೂ ಕಾಡಿನ ಜನರೂ ಕೂಡಿ ಮಾಡುವ ಕೆಲಸ. ಯಾರೋ ದಾರಿಹೋಕ ಅನುಮತಿಯಿಲ್ಲದೆ ಕಿಚ್ಚಿಟ್ಟರೆ ಅದು ಅಪರಾಧ.