ಕಲ್ಕತ್ತೆಯ ಜಗಳದಲ್ಲಿ ಬೆಂಗಳೂರಿನ ಪಾಲು

ರೋವರ್ಸ್ ಕಪ್ ಗೆದ್ದ ತಂಡಗಳ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿಕೊಂಡು ಬನ್ನಿ. 1891ರಲ್ಲಿ ಮುಂಬೈಯಲ್ಲಿ ಶುರುವಾದ ಫುಟ್‌ಬಾಲ್ ಪಂದ್ಯಾವಳಿ ಅದು. ಮೊದಲ ನಾಲ್ಕು ದಶಕಗಳ ಉದ್ದಕ್ಕೂ ಬರೀ ಬಿಳಿಯರ ಪಲ್ಟನ್‌ಗಳ ಹೆಸರು. ಹೈಲ್ಯಾಂಡರ್ಸ್, ಫ್ಯೂಸಿಲಿಯರ್ಸ್, ಲೈಟ್ ಇನ್‌ಫೆಂಟ್ರಿ, ಮತ್ತೆ ಹೈಲ್ಯಾಂಡರ್ಸ್. ಕಣ್ಣು ತೂಗುವ ಹೊತ್ತಿಗೆ 1937ರ ಎದುರು ಥಟ್ಟನೆ ಒಂದು ಹೆಸರು ಎದ್ದು ಕೂರುತ್ತದೆ: ಬೆಂಗಳೂರು ಮುಸ್ಲಿಮ್ಸ್. ಆ ಕಪ್ಪನ್ನು ಎತ್ತಿದ ಮೊದಲ ಭಾರತೀಯ ತಂಡ ಕಲ್ಕತ್ತೆಯದಲ್ಲ, ಮುಂಬೈಯದೂ ಅಲ್ಲ, ನಮ್ಮೂರಿನದು. ಫೈನಲ್‌ನಲ್ಲಿ 1-0 ಅಂತರದಿಂದ ಅದು ಸೋಲಿಸಿದ್ದು ಯಾರನ್ನು ಅಂತೀರಿ? ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು.

ಈ ಗೆಲುವಿನ ತೂಕ ಗೊತ್ತಾಗಬೇಕಾದರೆ ಕಲ್ಕತ್ತೆಯ ಹಳೆಯ ಜಗಳವೊಂದರ ಬುಡಕ್ಕೆ ಹೋಗಬೇಕು. ಆ ಊರಿನಲ್ಲಿ ಅಭಿಮಾನಿಗಳು ಚಹಾದ ಮಣ್ಣಿನ ಕುಡಿಕೆ ಹಿಡಿದು ಗಂಟೆಗಟ್ಟಲೆ ಹೊಡೆದಾಡಿಕೊಳ್ಳುವ ಪ್ರಶ್ನೆ ಒಂದೇ. ಕಲ್ಕತ್ತಾ ಲೀಗ್ ಆಡಿದ ತಂಡಗಳಲ್ಲಿ ಸಾರ್ವಕಾಲಿಕ ಶ್ರೇಷ್ಠ ತಂಡ ಯಾವುದು? ಮೊಹಮ್ಮಡನ್‌ನವರು 1934 ಅಂತಾರೆ. ಈಸ್ಟ್ ಬೆಂಗಾಲ್‌ನ ಅಜ್ಜಂದಿರು ಪಂಚಪಾಂಡವರು ಅಂತಾರೆ, ಅದೇ ಮನೆಯ ಮಕ್ಕಳು 1970ರ ದಶಕ ಅಂತಾರೆ. ಮೋಹನ್ ಬಗಾನ್‌ನವರಿಗೆ ಚುನಿ ಗೋಸ್ವಾಮಿಯ ಕಾಲ ಬಿಟ್ಟರೆ ಬೇರೆ ಮಾತೇ ಇಲ್ಲ. ಜಗಳ ನಿನ್ನೆ ಮೊನ್ನೆಯದಲ್ಲ, ತೊಂಬತ್ತು ವರ್ಷದ ಹಿಂದಿನದು. ಅದಕ್ಕೊಂದು ಹುಟ್ಟಿದ ದಿನವೇ ಇದೆ ಎನ್ನಬಹುದು.

ಕಲ್ಕತ್ತಾ ಲೀಗ್ ಶುರುವಾಗಿದ್ದು 1898ರಲ್ಲಿ. ನಮ್ಮವರಿಗೆ ಅದರ ಮೊದಲ ಡಿವಿಜನ್ ಬಾಗಿಲು ಬಹಳ ಕಾಲ ತೆರೆಯಲೇ ಇಲ್ಲ. ತೆರೆದ ಮೇಲೂ ಎರಡಕ್ಕಿಂತ ಹೆಚ್ಚು ಭಾರತೀಯ ತಂಡಗಳು ಒಳಗೆ ಬರಕೂಡದು ಎಂಬ ನಿಯಮ ಇಟ್ಟುಕೊಂಡಿದ್ದರು. ಅದು ಮುರಿದದ್ದು ಇಪ್ಪತ್ತರ ದಶಕದ ನಡುವೆ, ಈಸ್ಟ್ ಬೆಂಗಾಲ್ ಬಡ್ತಿ ಪಡೆದಾಗ. ನಡುವೆ 1911ರ ಜುಲೈ 29ರಂದು ಮೋಹನ್ ಬಗಾನ್ ಈಸ್ಟ್ ಯಾರ್ಕ್‌ಷೈರ್ ಪಲ್ಟನ್ನನ್ನು 2-1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದಿತ್ತಲ್ಲ ಎಂದು ನೀವು ಕೇಳಬಹುದು. ಹನ್ನೊಂದು ಜನರಲ್ಲಿ ಒಬ್ಬನ ಕಾಲಿಗೆ ಮಾತ್ರ ಬೂಟು, ಉಳಿದವರದ್ದು ಬರಿಗಾಲು. ಆ ಕತೆ ಎಲ್ಲರಿಗೂ ಗೊತ್ತು, ಸಿನಿಮಾ ಕೂಡ ಬಂದಿದೆ. ಆದರೆ ಶೀಲ್ಡ್ ಎಂದರೆ ನಾಕೌಟ್. ಒಂದು ಒಳ್ಳೆಯ ವಾರ ಸಿಕ್ಕರೆ ಸಾಕು, ಯಾರೂ ಗೆದ್ದುಬಿಡಬಹುದು. ಲೀಗ್ ಹಾಗಲ್ಲ. ಮೇ ತಿಂಗಳ ಬೇಗೆಯಲ್ಲಿ ಶುರುವಾಗಿ ಮಳೆಗಾಲದ ಕೆಸರಿನ ತನಕ ತಿಂಗಳುಗಟ್ಟಲೆ ಎಳೆಯುವ ಆಟ ಅದು. ಒಂದು ಸಂಜೆಯ ಪರಾಕ್ರಮ ಅಲ್ಲಿ ನಡೆಯದು.

ನಮ್ಮವರು ಸೋಲುತ್ತಿದ್ದದ್ದೂ ಆ ಕೆಸರಿನಲ್ಲೇ. ನೆಲ ಒಣಗಿದ್ದಾಗ ಬರಿಗಾಲಿನ ಆಟಗಾರ ಚೆಂಡನ್ನು ಕಾಲ್ಬೆರಳಿನಲ್ಲಿ ಹಿಡಿದ ಹಾಗೆ ಹಿಡಿದು ಇಬ್ಬರು ಮೂವರನ್ನು ದಾಟಿ ಹೋಗುತ್ತಿದ್ದ. ಮಳೆ ಬಿದ್ದರೆ ಮುಗಿಯಿತು. ತೊಗಲಿನ ಚೆಂಡು ನೀರು ಕುಡಿದು ಭಾರವಾಗುತ್ತಿತ್ತು, ಬರಿಗಾಲು ಜಾರುತ್ತಿತ್ತು, ಎದುರಿನ ಸೋಲ್ಜರನ ಬೂಟಿನ ತಳಕ್ಕೆ ಹೊಡೆದ ಸ್ಟಡ್‌ಗಳು ಮಾತ್ರ ನೆಲಕ್ಕೆ ಕಚ್ಚಿಕೊಂಡು ನಿಲ್ಲುತ್ತಿದ್ದವು. ಹೀಗೆ ಪ್ರತಿ ವರ್ಷವೂ ಆಷಾಢ ಬರುವಷ್ಟರಲ್ಲಿ ಭಾರತೀಯ ತಂಡಗಳು ಹಿಂದೆ ಬೀಳುತ್ತಿದ್ದವು. 1931ರಿಂದ 1933ರವರೆಗೆ ಮೂರು ಸಲವೂ ಲೀಗ್ ಗೆದ್ದದ್ದು ಡರ್ಹಮ್ ಲೈಟ್ ಇನ್‌ಫೆಂಟ್ರಿ.

ಈ ಗಣಿತವನ್ನು ಬಿಡಿಸಿದವನು ಮೊಹಮ್ಮಡನ್ ಸ್ಪೋರ್ಟಿಂಗ್‌ನ ಆಡಳಿತ ನೋಡಿಕೊಳ್ಳುತ್ತಿದ್ದ ಅಜೀಜ್. ಎರಡು ಕೆಲಸ ಮಾಡಿದ. ಮಳೆ ಬಂದ ದಿನ ಹಾಕಿಕೊಳ್ಳಲು ಆಟಗಾರರಿಗೆ ಹಗುರವಾದ ಬೂಟು ಕೊಡಿಸಿದ. ನೆಲ ಒಣಗಿದ್ದರೆ ಬರಿಗಾಲು, ಒದ್ದೆಯಾದರೆ ಬೂಟು, ಅಷ್ಟೇ ಸೂತ್ರ. ಇಂದು ಕೇಳಿದರೆ ಇದೇನು ಮಹಾ ಎನಿಸುತ್ತದೆ. ಮೂವತ್ತಾರು ವರ್ಷ ಯಾರಿಗೂ ಹೊಳೆದಿರಲಿಲ್ಲ, ಹೊಳೆದವರು ಮಾಡಿರಲಿಲ್ಲ. ಎರಡನೆಯದಾಗಿ, ಬಂಗಾಳದ ಹುಡುಗರೇ ಬೇಕೆಂಬ ಹಟ ಬಿಟ್ಟು ದೇಶವೆಲ್ಲ ಜಾಲಾಡಿದ. ಕ್ವೆಟ್ಟಾದಿಂದ ಜುಮ್ಮಾ ಖಾನ್ ಬಂದ. ಬೆಂಗಳೂರಿನಿಂದ ಮಾಸೂಮ್ ಮತ್ತು ಮೊಹಿಯುದ್ದೀನ್ ಹೋದರು.

ಬೆಂಗಳೂರೇ ಏಕೆ? ದಂಡು ಪ್ರದೇಶದಲ್ಲಿ ಪಲ್ಟನ್ ಇತ್ತು, ಪಲ್ಟನ್ ಇದ್ದಲ್ಲಿ ಬಯಲಿತ್ತು, ಸಂಜೆಯಾದರೆ ಬಯಲಿನಲ್ಲಿ ಬೂಟಿನ ಆಟವಿತ್ತು. ದಂಡಿನ ಆಸುಪಾಸಿನ ಗಲ್ಲಿಗಳ ಹುಡುಗರು ಬೇಲಿಯಾಚೆ ನಿಂತು ನೋಡಿ ಕಲಿತರು, ಆಮೇಲೆ ಅದೇ ಸೋಲ್ಜರರ ಎದುರು ಆಡಿ ಪಳಗಿದರು. ಬೂಟಿಗೆ ಹೆದರದ ಕಾಲು ಬೇಕೆಂದು ಹುಡುಕುವವನಿಗೆ ಇದಕ್ಕಿಂತ ಒಳ್ಳೆಯ ಸಂತೆ ಎಲ್ಲಿ ಸಿಗಬೇಕು?

1934. ಎರಡನೇ ಡಿವಿಜನ್‌ನಿಂದ ಆಗತಾನೇ ಮೇಲೆ ಬಂದಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್, ಮೊದಲ ಡಿವಿಜನ್‌ನಲ್ಲಿ ಆಡಿದ ಮೊದಲ ವರ್ಷವೇ ಲೀಗ್ ಗೆದ್ದಿತು. ಭಾರತೀಯ ತಂಡವೊಂದು ಕಲ್ಕತ್ತಾ ಲೀಗ್ ಗೆದ್ದದ್ದು ಅದೇ ಮೊದಲು. ಆಕಸ್ಮಿಕ ಎಂದವರ ಬಾಯಿ ಮುಚ್ಚಿಸುವಂತೆ 1935, 36, 37, 38ರಲ್ಲೂ ಗೆದ್ದಿತು. ಐದಕ್ಕೆ ಐದು. 1936ರಲ್ಲಿ ಜೊತೆಗೆ ಶೀಲ್ಡ್ ಕೂಡ. ಜಗಳ ಹುಟ್ಟಿದ್ದು ಇಲ್ಲಿ. ಅಲ್ಲಿಯತನಕ ಗೆದ್ದವರೆಲ್ಲ ಪರಕೀಯರೇ ಆಗಿದ್ದರಿಂದ ಯಾರು ಶ್ರೇಷ್ಠರು ಎಂದು ವಾದಿಸುವ ಉತ್ಸಾಹ ಯಾರಿಗೂ ಇರಲಿಲ್ಲ. ನಮ್ಮವರೇ ಗೆದ್ದ ಮೇಲೆ ನಮ್ಮೊಳಗೇ ಕಚ್ಚಾಟ.

ಮರುವರ್ಷವೇ ಅದಕ್ಕೆ ಖಾರ ಬಿತ್ತು. 1939ರಲ್ಲಿ ರೆಫರಿಗಳ ತೀರ್ಪು, ಫುಟ್‌ಬಾಲ್ ಸಂಸ್ಥೆಯ ಧೋರಣೆ ಎಂದೆಲ್ಲ ಕಿತ್ತಾಡಿಕೊಂಡು ಮೊಹಮ್ಮಡನ್, ಈಸ್ಟ್ ಬೆಂಗಾಲ್, ಕಾಳಿಘಾಟ್ ತಂಡಗಳು ಲೀಗ್‌ನಿಂದಲೇ ಎದ್ದು ನಡೆದವು. ಆ ವರ್ಷ ಚಾಂಪಿಯನ್ ಆದದ್ದು ಮೋಹನ್ ಬಗಾನ್. 1911ರ ವೀರರ ಕ್ಲಬ್ಬಿಗೆ ಸಿಕ್ಕ ಮೊದಲ ಲೀಗ್ ಕಿರೀಟ ಅದು. ಎದುರಾಳಿ ಇಲ್ಲದ ಮನೆಯಲ್ಲಿ ಕುಸ್ತಿ ಗೆದ್ದರು ಎಂದು ಒಂದು ಕಡೆಯವರು. ಓಡಿಹೋದವರಿಗೆ ಮಾತಾಡುವ ಹಕ್ಕಿಲ್ಲ ಎಂದು ಇನ್ನೊಂದು ಕಡೆಯವರು. ಎರಡು ವಾದಕ್ಕೂ ಇಂದಿಗೂ ಸಾವಿಲ್ಲ. ನನ್ನನ್ನು ಕೇಳಿದರೆ ಲೀಗ್ ನಡೆಯುತ್ತಿರುವಾಗ ಎದ್ದು ಹೋಗುವುದು ದೊಡ್ಡತನವಲ್ಲ. ಆದರೂ 1940ರಲ್ಲಿ ಮರಳಿ ಬಂದು 40, 41 ಎರಡೂ ವರ್ಷ ಮತ್ತೆ ಲೀಗ್ ಗೆದ್ದು, 1940ರ ಡಿಸೆಂಬರ್ 12ರಂದು ದೆಹಲಿಯಲ್ಲಿ ರಾಯಲ್ ವಾರ್ವಿಕ್‌ಷೈರ್ ಪಲ್ಟನ್ನನ್ನು 2-1ರಿಂದ ಸೋಲಿಸಿ ಡುರಾಂಡ್ ಕಪ್ ಎತ್ತಿದ ತಂಡವನ್ನು ಓಡಿಹೋದವರು ಎನ್ನಲು ನಾಲಿಗೆ ಏಳುವುದಿಲ್ಲ.

ಈಗ 1937ಕ್ಕೆ ಬನ್ನಿ. ಐದು ಲೀಗ್‌ಗಳ ಆ ಓಟ ತಾರಕದಲ್ಲಿದ್ದ ವರ್ಷ ಅದು. ಆ ವರ್ಷವೇ ಮುಂಬೈಯಲ್ಲಿ ಬೆಂಗಳೂರಿನ ತಂಡ ಅವರನ್ನು ಸೋಲಿಸಿ ಕಪ್ ತಂದಿತು. 1938ರಲ್ಲಿ ಅದನ್ನು ಉಳಿಸಿಕೊಂಡಿತು. 1940ರ ರೋವರ್ಸ್ ಫೈನಲ್‌ನಲ್ಲಿ ಮತ್ತೆ ಇವೇ ಎರಡು ತಂಡಗಳು. ಈ ಸಲ 1-0 ಮೊಹಮ್ಮಡನ್ ಪಾಲಿಗೆ. 1948ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಮೂರನೇ ಬಾರಿ ರೋವರ್ಸ್ ಗೆದ್ದಿತು. ಕಲ್ಕತ್ತೆ ತನ್ನ ಸಾರ್ವಕಾಲಿಕ ಶ್ರೇಷ್ಠ ಎಂದು ಮೆರೆಸುವ ತಂಡದಲ್ಲಿ ನಮ್ಮೂರಿನ ಕಾಲುಗಳಿದ್ದವು. ಆ ತಂಡ ತನ್ನ ಉಚ್ಛ್ರಾಯದಲ್ಲಿದ್ದಾಗ ಅದಕ್ಕೆ ಮಣ್ಣು ಮುಕ್ಕಿಸಿದ್ದೂ ನಮ್ಮೂರೇ. ಇಷ್ಟು ದೊಡ್ಡ ತುರುಪಿನ ಎಲೆ ಕೈಯಲ್ಲಿ ಇಟ್ಟುಕೊಂಡು ಆಟಕ್ಕೇ ಕೂರದವರು ನಾವು.

ಪಂಚಪಾಂಡವರ ವಿಷಯಕ್ಕೆ ಬಂದರೆ ಅಲ್ಲೂ ಇದೇ ಕತೆ. ದೇಶ ಒಡೆದಾಗ ಢಾಕಾ, ಬಾರಿಸಾಲ್ ಕಡೆಯಿಂದ ಮನೆ ಮಠ ಬಿಟ್ಟು ಬಂದ ಲಕ್ಷಾಂತರ ಜನಕ್ಕೆ ಕಲ್ಕತ್ತೆಯಲ್ಲಿ ತಮ್ಮದೆಂದು ಹೇಳಿಕೊಳ್ಳಲು ಉಳಿದದ್ದು ಈಸ್ಟ್ ಬೆಂಗಾಲ್ ಕ್ಲಬ್ಬು. ಕ್ಲಬ್ಬಿನ ಜ್ಯೋತಿಷ್ ಚಂದ್ರ ಗುಹಾ ಆಟಗಾರರನ್ನು ಹೆಕ್ಕುವುದರಲ್ಲಿ ನಿಸ್ಸೀಮ. 1949ರ ಹೊತ್ತಿಗೆ ಆತ ಕಟ್ಟಿದ ಮುಂಚೂಣಿಯ ಐವರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಹೆಸರು ಕೇಳಿದರೇ ಗೊತ್ತಾಗುತ್ತದೆ, ಬಂಗಾಳಿ ಒಬ್ಬನೂ ಇಲ್ಲ. ಅಪ್ಪಾರಾವ್ ಆಂಧ್ರದವ, ಸಾಲೆ ಕೇರಳದವ, ಅಹ್ಮದ್ ಖಾನ್ ಅಪ್ಪಟ ಬೆಂಗಳೂರಿನವ. ಊರು ಕಳಕೊಂಡ ಜನ ತಮ್ಮೂರಿನ ಹೆಸರಿನ ತಂಡಕ್ಕಾಗಿ ಆಡುತ್ತಿದ್ದ ದಕ್ಷಿಣದ ಹುಡುಗರನ್ನು ಪಾಂಡವರೆಂದು ಕರೆದು ಹೆಗಲ ಮೇಲೆ ಹೊತ್ತರು. ಆ ಐವರಿದ್ದಾಗ 1949ರಲ್ಲಿ ಲೀಗ್, ಶೀಲ್ಡ್, ರೋವರ್ಸ್ ಮೂರೂ ಬಂದವು. 1950ರಲ್ಲಿ, 1952ರಲ್ಲಿ ಮತ್ತೆ ಲೀಗ್. ಶೀಲ್ಡ್ ಸತತ ಮೂರು ವರ್ಷ.

ಅಹ್ಮದ್ ಖಾನ್ ಬಗ್ಗೆ ಇನ್ನೆರಡು ಮಾತು ಹೇಳದೆ ಮುಂದೆ ಹೋಗಲಾರೆ. ಕಾಲಿಗೆ ಅಂಟಿದ ಚೆಂಡನ್ನು ಬಿಡದೆ ಎದುರಾಳಿಯನ್ನು ಅತ್ತಿತ್ತ ಆಡಿಸುತ್ತಿದ್ದ ಈತನಿಗೆ ಹಾವಾಡಿಗ ಎಂಬ ಬಿರುದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದವರು ಬಹುಮಟ್ಟಿಗೆ ಬರಿಗಾಲಲ್ಲೇ ಆಡಿ ಫ್ರಾನ್ಸ್‌ಗೆ 1-2ರಿಂದ ಸೋತರಲ್ಲ, ಆ ತಂಡದಲ್ಲಿ ಈತ ಇದ್ದ. ಎರಡು ಪೆನಾಲ್ಟಿ ಕಳಕೊಂಡ ಪಂದ್ಯ ಅದು. ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವನೇ. 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ನಮ್ಮನ್ನು 10-1ರಿಂದ ಚಚ್ಚಿಹಾಕಿತು. ಆ ಒಂದು ಗೋಲು ಅಹ್ಮದ್ ಖಾನನದು. ಆ ಸೋಲಿನ ನಂತರ ನಮ್ಮಲ್ಲಿ ಬೂಟು ಕಡ್ಡಾಯವಾಯಿತು. ಅಜೀಜ್ 1934ರಲ್ಲಿ ಕಂಡುಕೊಂಡದ್ದನ್ನು ದೇಶ ಒಪ್ಪಿಕೊಳ್ಳಲು ಹತ್ತು ಗೋಲು ತಿನ್ನಬೇಕಾಯಿತು.

ಆಮೇಲಿನ ದಶಕಗಳನ್ನು ಬೇಗ ದಾಟಿಬಿಡೋಣ, ಅವುಗಳ ಕತೆ ಕಲ್ಕತ್ತೆಯ ಪತ್ರಿಕೆಗಳಲ್ಲಿ ಬೇಕಾದಷ್ಟಿದೆ. ಚುನಿ ಗೋಸ್ವಾಮಿಯ ಕಾಲದಲ್ಲಿ ಮೋಹನ್ ಬಗಾನ್ 1962ರಿಂದ 65ರವರೆಗೆ ನಾಲ್ಕು ಲೀಗ್ ಗೆದ್ದಿತು. 1962ರ ಜಕಾರ್ತಾ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿದ್ದ ಬೆಂಗಳೂರಿನ ಅರುಮೈನಾಯಗಂ ಅದೇ ಬಗಾನ್‌ನ ಎಡಗಡೆಯ ವಿಂಗರ್. ಈಸ್ಟ್ ಬೆಂಗಾಲ್ 1970ರಿಂದ 75ರವರೆಗೆ ಆರು ಲೀಗ್ ಗೆದ್ದು ಮೊಹಮ್ಮಡನ್‌ನ ಐದರ ದಾಖಲೆ ಮುರಿಯಿತು. 1975ರ ಸೆಪ್ಟೆಂಬರ್ 30ರಂದು ಶೀಲ್ಡ್ ಫೈನಲ್‌ನಲ್ಲಿ ಬಗಾನ್‌ಗೆ 5-0 ಬಾರಿಸಿತು. ಆ ಅಂಕಿಯನ್ನು ಈಸ್ಟ್ ಬೆಂಗಾಲ್‌ನವರು ಇವತ್ತಿಗೂ ಐದು ಬೆರಳು ಬಿಡಿಸಿ ತೋರಿಸುತ್ತಾರೆ. ಬಗಾನ್‌ನವರು ಪ್ರತಿಯಾಗಿ 1977ರ ಸೆಪ್ಟೆಂಬರ್ 24ನ್ನು ತೆಗೆಯುತ್ತಾರೆ: ಈಡನ್ ಗಾರ್ಡನ್ಸ್‌ನಲ್ಲಿ ಪೆಲೆಯ ಕಾಸ್ಮಾಸ್ ಜೊತೆ 2-2 ಸಮ. ಆ ವರ್ಷದ ಲೀಗ್ ಯಾರದ್ದು ಎಂದು ಮಾತ್ರ ಅವರನ್ನು ಕೇಳಬೇಡಿ. ಇನ್ನು 2010ರಿಂದ 2017ರವರೆಗೆ ಈಸ್ಟ್ ಬೆಂಗಾಲ್ ಸತತ ಎಂಟು ಲೀಗ್ ಗೆದ್ದಿತು. ಆರಕ್ಕಿಂತ ಎಂಟು ದೊಡ್ಡದು. ಆದರೂ ಆ ತಂಡವನ್ನು ಸಾರ್ವಕಾಲಿಕ ಶ್ರೇಷ್ಠ ಎಂದು ಎದೆ ತಟ್ಟಿ ಹೇಳುವವರು ಕಡಿಮೆ. ಆ ಹೊತ್ತಿಗೆ ದೊಡ್ಡ ಆಟ ರಾಷ್ಟ್ರೀಯ ಲೀಗ್‌ಗಳಿಗೆ ಸರಿದು ಊರ ಲೀಗ್ ಸೊರಗಿತ್ತು. ಬರೀ ಲೆಕ್ಕದಿಂದ ಶ್ರೇಷ್ಠತೆ ಬರುವುದಿಲ್ಲ ಎಂಬುದು ಆ ಊರಿಗೆ ಗೊತ್ತು.

ನನಗೆ ಕಿರಿಕಿರಿ ಆಗುವುದು ನಮ್ಮೂರಿನ ಮೌನ ಕಂಡು. ನಮ್ಮ ಹತ್ತಿರ ಸರಕಿಗೇನು ಬರವೇ? 1946ರಲ್ಲಿ ಬಂಗಾಳವನ್ನೇ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದ ಮೈಸೂರು ತಂಡವಿದೆ. 1967–68, 1968–69ರಲ್ಲಿ ಬೆನ್ನುಬೆನ್ನಿಗೆ ಗೆದ್ದ ತಂಡವಿದೆ. ಎಚ್‌ಎಎಲ್, ಐಟಿಐ ಕಾರ್ಖಾನೆಗಳ ತಂಡಗಳಿವೆ. ಆದರೆ ಬೆಂಗಳೂರು ಮುಸ್ಲಿಮ್ಸ್ ದೊಡ್ಡದೋ, 1968ರ ಮೈಸೂರು ದೊಡ್ಡದೋ ಎಂದು ಯಾವ ಹೋಟೆಲಿನ ಮೇಜಿನ ಮೇಲೂ ಯಾರೂ ಕೈ ಗುದ್ದುವುದಿಲ್ಲ. ಹಲಸೂರು ಪಕ್ಕದ ಗೌತಮಪುರಕ್ಕೆ ಹೋದರೆ ಪೆಲೆಯ ಪ್ರತಿಮೆ ಇದೆ, ಇರಲಿ, ಸಂತೋಷ. ಆ ಗಲ್ಲಿಗಳಲ್ಲಿ ಫುಟ್‌ಬಾಲ್ ಬದುಕಿದೆ ಎಂಬುದಕ್ಕೆ ಅದೇ ಸಾಕ್ಷಿ. ಅಹ್ಮದ್ ಖಾನ್ 2017ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ಕಲ್ಕತ್ತೆ ಮರುಗಿದಷ್ಟು ಹುಟ್ಟೂರು ಮರುಗಲಿಲ್ಲ ಎಂಬುದೂ ಅಷ್ಟೇ ನಿಜ.

ಈಗೀಗ ಮಾತು ಸ್ವಲ್ಪ ಶುರುವಾಗಿದೆ. 2013ರಲ್ಲಿ ಹುಟ್ಟಿ ಮೊದಲ ವರ್ಷವೇ ಐ-ಲೀಗ್ ಗೆದ್ದ ಬೆಂಗಳೂರು ಎಫ್‌ಸಿಯ ಹುಡುಗರು ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ವಾದ ಹೂಡುತ್ತಾರೆ. ಆಶ್ಲಿ ವೆಸ್ಟ್‌ವುಡ್ ಕಟ್ಟಿದ ಮೊದಲ ತಂಡವೋ, 2016ರಲ್ಲಿ ದೋಹಾದ ಎಎಫ್‌ಸಿ ಕಪ್ ಫೈನಲ್ ತನಕ ಹೋದದ್ದೋ, 2018–19ರಲ್ಲಿ ಐಎಸ್‌ಎಲ್ ಗೆದ್ದ ಕಾರ್ಲೆಸ್ ಕುವಾಡ್ರಾಟ್ ತಂಡವೋ? ಒಳ್ಳೆಯ ವಾದವೇ. ಆದರೆ ಅವರ ಬೆಂಗಳೂರಿನ ಚರಿತ್ರೆ 2013ಕ್ಕೆ ನಿಂತುಬಿಡುತ್ತದೆ. ಹೊಸ ಕ್ಲಬ್ಬು ಮೊದಲ ವರ್ಷವೇ ಲೀಗ್ ಗೆಲ್ಲುವುದು ಇದೇ ಮೊದಲು ಎಂದು ಅವರು ಹೆಮ್ಮೆಪಟ್ಟರೆ, ಏರಿ ಬಂದ ವರ್ಷವೇ ಗೆದ್ದ 1934ರ ಮೊಹಮ್ಮಡನ್‌ನ ಕತೆಯನ್ನೂ ಅದರಲ್ಲಿದ್ದ ದಂಡಿನ ಹುಡುಗರ ಕತೆಯನ್ನೂ ಹೇಳಬೇಕಾದವರು ಯಾರು?

ಲೀಗ್ ಆಡಿದ ತಂಡಗಳಲ್ಲಿ ನನ್ನ ಮತ 1934–38ರ ಮೊಹಮ್ಮಡನ್ ಸ್ಪೋರ್ಟಿಂಗ್‌ಗೆ. ಉಳಿದವರೆಲ್ಲ ಗೆದ್ದದ್ದು ಅವರು ತೆರೆದ ಬಾಗಿಲಿನಿಂದ. ಅವರನ್ನು ಒಂದೇ ಸಂಜೆಗೆ ಬಗ್ಗಿಸಿದ 1937ರ ಬೆಂಗಳೂರಿನ ಹನ್ನೊಂದು ಜನರ ಹೆಸರುಗಳನ್ನು ಇವತ್ತಿನ ಯಾವ ಅಭಿಮಾನಿಯೂ ಬಾಯಿಪಾಠ ಹೇಳಲಾರ. ಶಿವಾಜಿನಗರ, ಫ್ರೇಜರ್ ಟೌನ್, ಆಸ್ಟಿನ್ ಟೌನ್ ಕಡೆಯ ಹಳೆಯ ಮನೆಗಳಲ್ಲಿ ಗೋಡೆ ಮೇಲೆ ಫುಟ್‌ಬಾಲ್ ತಂಡದ ಗುಂಪು ಫೋಟೊ ಇದ್ದರೆ ದಯವಿಟ್ಟು ಇವತ್ತೇ ಕೆಳಗಿಳಿಸಿ, ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರನ್ನೂ ಹಿಂಬದಿಯಲ್ಲಿ ಬರೆದಿಡಿ.