ಉದ್ಯೋಗಸ್ಥಾನದಲ್ಲಿ ಅರಿವಿಗೆ ಬಾರದ ಪೂರ್ವಗ್ರಹ

ಪೂರ್ವಗ್ರಹವೆಂದೊಡನೆ ದ್ವೇಷವನ್ನೋ ತಿರಸ್ಕಾರವನ್ನೋ ನೆನೆಯುವುದು ವಾಡಿಕೆ. ಆದರೆ ಯಾರನ್ನೂ ದ್ವೇಷಿಸದ, ನ್ಯಾಯವಾಗಿಯೇ ನಡೆಯಬೇಕೆಂಬ ಸಂಕಲ್ಪವುಳ್ಳ ಅಧಿಕಾರಿಯ ತೀರ್ಮಾನದಲ್ಲಿಯೂ ಹುಟ್ಟು, ಭಾಷೆ, ಉಡುಪುಗಳನ್ನು ಕುರಿತ ಭಾವನೆಗಳು ಅವನಿಗೆ ತಿಳಿಯದಂತೆಯೇ ಕೆಲಸಮಾಡುತ್ತವೆ. ಹೀಗೆ ಕಾಣದಿರುವುದನ್ನು ಕಾಣುವ ಬಗೆ ಯಾವುದೆಂಬುದೇ ಇಲ್ಲಿ ನಮ್ಮ ವಿಚಾರ.

ಮೊದಲನೆಯ ಮಾರ್ಗ ಎಣಿಕೆ. ಸರ್ಕಾರಿ ಉದ್ಯೋಗಗಳಲ್ಲಿ ಎಲ್ಲ ಸಮುದಾಯಗಳಿಗೂ ತಕ್ಕ ಪ್ರಾತಿನಿಧ್ಯವಿದೆಯೇ ಎಂಬುದನ್ನು ಪರಿಶೀಲಿಸಲು ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು ೧೯೧೮ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ಏಳು ವರ್ಷಗಳೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧಕ್ಕೂ ಕೆಳದರ್ಜೆಯವುಗಳಲ್ಲಿ ಮೂರನೆಯ ಎರಡು ಪಾಲಿಗೂ ಕಡಮೆಯಿಲ್ಲದಂತೆ ಬ್ರಾಹ್ಮಣೇತರರು ಇರಬೇಕೆಂದೂ, ಸಾಧ್ಯವಾದಮಟ್ಟಿಗೆ ಪ್ರತಿಯೊಂದು ಕಚೇರಿಯಲ್ಲಿಯೂ ಇದು ನಡೆಯಬೇಕೆಂದೂ ಸಮಿತಿ ಸೂಚಿಸಿತು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸರು ಮುಖ್ಯಮಂತ್ರಿಯಾದಾಗ, ೧೯೭೨ರಲ್ಲಿ ನೇಮಕವಾದ ಹಾವನೂರು ಆಯೋಗವು ಇದೇ ವಿಚಾರವನ್ನು ಮತ್ತಷ್ಟು ವಿಸ್ತಾರವಾಗಿ ನಡೆಸಿತು.

ಎರಡನೆಯ ಮಾರ್ಗ ಪ್ರಯೋಗ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ ಎಂಬ ವಿದ್ವಾಂಸರು ಖಾಸಗಿ ಸಂಸ್ಥೆಗಳಿಗೆ ಸಮಾನ ವಿದ್ಯಾರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಕಳುಹಿಸಿದರು. ೨೦೦೭ರಲ್ಲಿ ಪ್ರಕಟವಾದ ಫಲಿತಾಂಶದಂತೆ, ದಲಿತ ಹಾಗೂ ಮುಸ್ಲಿಂ ಹೆಸರುಗಳಿಗೆ ಸಂದರ್ಶನದ ಕರೆ ಬರುವ ಸಂಭವ ಕಡಮೆಯಾಗಿತ್ತು.

ಅಂಕಿಗಳಿಗೆ ಸುಲಭವಾಗಿ ಸಿಕ್ಕದ ಪೂರ್ವಗ್ರಹವೂ ಉಂಟು. ಅದು ಹೊಗಳಿಕೆಯ ವೇಷದಲ್ಲಿ ಬರುತ್ತದೆ. ನಾಗರಹೊಳೆಯ ಅಂಚಿನ ಮತ್ತಿಗೋಡು, ಬಳ್ಳೆ ಮುಂತಾದ ಆನೆ ಶಿಬಿರಗಳಲ್ಲಿ ಮಾವುತರೂ ಕಾವಾಡಿಗಳೂ ಆಗಿ ದುಡಿಯುವವರಲ್ಲಿ ಜೇನುಕುರುಬರು ಅನೇಕರು. ದಸರೆಯ ಆನೆಗಳು ವೀರನಹೊಸಹಳ್ಳಿಯಿಂದ ಮೈಸೂರಿಗೆ ಹೊರಟಾಗ ಇವರನ್ನು ಕಂಡು, “ಆನೆ ಪಳಗಿಸುವುದು ಇವರಿಗೆ ರಕ್ತಗತ” ಎನ್ನುತ್ತೇವೆ. ವರ್ಷಗಟ್ಟಲೆ ಕಲಿತ ವಿದ್ಯೆಯನ್ನು ಹೀಗೆ ಹುಟ್ಟುಗುಣವೆಂದೊಡನೆ ಅದಕ್ಕೆ ವಿದ್ಯೆಗೆ ಸಲ್ಲುವ ಬೆಲೆ ತಪ್ಪುತ್ತದೆ. ಹೆಗ್ಗಡದೇವನಕೋಟೆಯ ಹಾಡಿಯೊಂದರಿಂದ ಪದವೀಧರನೊಬ್ಬ ಗುಮಾಸ್ತೆಯ ಹುದ್ದೆಗೆ ಬಂದರೆ ಅದೇ ಮಾತು ಅಡ್ಡಿಯಾಗಿ ನಿಲ್ಲುತ್ತದೆ: ಕಾಡಿನವನಿಗೆ ಕಡತ ಒಗ್ಗೀತೇ? ಪಿರಿಯಾಪಟ್ಟಣದ ಹೊಗೆಸೊಪ್ಪನ್ನು ವಿಂಗಡಿಸಲಾಗಲಿ, ಕೃಷ್ಣರಾಜನಗರದ ಗದ್ದೆಯಲ್ಲಿ ನಾಟಿಮಾಡಲಾಗಲಿ “ಹೆಂಗಸರ ಕೈಯೇ ಚೆಂದ” ಎಂದು ಹೊಗಳಿ, ಮೇಸ್ತ್ರಿಯ ಕೆಲಸಕ್ಕೆ ಮಾತ್ರ ಗಂಡಸನ್ನೇ ಹುಡುಕುವುದೂ ಇದೇ ಜಾತಿಯದು.

ಕನ್ನಡಿಗರಿಗೆ ಇನ್ನೊಂದು ಒರೆಗಲ್ಲು ಕೈಯಲ್ಲೇ ಇದೆ. ಹಳ್ಳಿಗಾಡಿನ ಏಕವಚನದಲ್ಲಿ ಸಲಿಗೆಯಿರಬಹುದು. ಆದರೆ ಅದು ಎರಡು ಕಡೆಯಿಂದಲೂ ಬರತಕ್ಕದ್ದು. ಕಿರಿಯ ಅಧಿಕಾರಿ ವಯೋವೃದ್ಧನಾದ ಜವಾನನನ್ನು “ನೀನು” ಎಂದು, ಅವನಿಂದ “ತಾವು” ಎನ್ನಿಸಿಕೊಳ್ಳುವಲ್ಲಿ ಇರುವುದು ಸಲಿಗೆಯಲ್ಲ, ಶ್ರೇಣಿ.

ಪರಿಹಾರವು ಸದ್ಭಾವನೆಯೊಂದರಿಂದಲೇ ಆಗುವಂಥದಲ್ಲ. ಸಂದರ್ಶನಕ್ಕೆ ಮೊದಲೇ ಪ್ರಶ್ನೆಗಳನ್ನೂ ಅಂಕಗಳನ್ನೂ ಗೊತ್ತುಮಾಡಿ ಎಲ್ಲರಿಗೂ ಒಂದೇ ಅಳತೆಯನ್ನು ಹಿಡಿಯಬೇಕು. ನಿರಾಕರಣೆಯ ಕಾರಣವನ್ನು ಬರೆದಿಡಬೇಕು. ಯಾರನ್ನು ನೇಮಿಸಿದೆವೆಂಬುದನ್ನಷ್ಟೇ ಅಲ್ಲದೆ ಯಾರಿಗೆ ಬಡ್ತಿ ದೊರೆಯಿತು, ಸಭೆಯಲ್ಲಿ ಯಾರ ಮಾತು ನಡೆಯಿತು ಎಂಬುದನ್ನೂ ವರ್ಷವರ್ಷವೂ ನೋಡಬೇಕು. ಬಾಗಿಲು ತೆರೆದ ಮಾತ್ರಕ್ಕೆ ಒಳಗೊಳ್ಳುವಿಕೆ ಮುಗಿಯದು. ಒಳಗೆ ಬಂದವನಿಗೆ ಪೀಠವೂ ದನಿಯೂ ದೊರೆಯಬೇಕು. ನಮ್ಮ ಕಾಲೇಜುಗಳು ಈ ಪರೀಕ್ಷೆಯನ್ನು ಮೊದಲು ತಮ್ಮ ಅಧ್ಯಾಪಕ ಕೊಠಡಿಗಳಲ್ಲಿಯೇ ಆರಂಭಿಸುವುದು ಯುಕ್ತ.