ಭಾರ ಕಂಕುಳಿಗಲ್ಲ, ಅಂಗೈಗೆ
ಪಾದದ ಮೂಳೆ ಮುರಿದು ಊರುಗೋಲು ಹಿಡಿದವರು ಅದಕ್ಕೆ ಕಂಕುಳನ್ನು ಆನಿಸಿ ಜೋತುಬೀಳುವುದುಂಟು. ನನ್ನ ಕಾಲು ಮುರಿದಾಗ ನಾನೂ ಹಾಗೆಯೇ ಮಾಡಿದೆ. ಕೈಬೆರಳುಗಳು ಜೋಮು ಹಿಡಿದವು. ಕಂಕುಳಲ್ಲಿ ಹಾದುಹೋಗುವ ನರ ಒತ್ತಿಹೋದರೆ ಮುಂಗೈ ಎತ್ತಲಾಗದೆ ಜೋಲುಬೀಳಲೂಬಹುದು.

ಆದ್ದರಿಂದ ಕೋಲಿನ ಮೇಲ್ತುದಿ ಕಂಕುಳಿಗಿಂತ ಸುಮಾರು 5 ಸೆಂಟಿಮೀಟರ್ ಕೆಳಗಿರಲಿ. ಮೊಣಕೈ ತುಸು ಬಾಗಿರಲಿ. ಭಾರವನ್ನು ಅಂಗೈ ಹೊರಲಿ.

ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು. ಇಳಿಯುವಾಗ ಕೋಲು, ಪೆಟ್ಟಾದ ಕಾಲು ಮೊದಲು. ಏಕೆ? ದೇಹವನ್ನು ಮೇಲೆತ್ತುವುದೂ ಮೆಲ್ಲನೆ ಕೆಳಗಿಳಿಸುವುದೂ ಗಟ್ಟಿ ಕಾಲಿನ ಕೆಲಸವೇ.

ಮುಂದೆ ಒಂದೇ ಕೋಲು ಸಾಕಾದಾಗ ಅದನ್ನು ಗಟ್ಟಿ ಕಾಲಿನ ಕಡೆಯ ಕೈಯಲ್ಲಿ ಹಿಡಿಯಿರಿ. ಕೋಲನ್ನು ಯಾವಾಗ ಬಿಡಬೇಕೆಂಬುದನ್ನು ಮಾತ್ರ ವೈದ್ಯರು ಹೇಳಲಿ, ನಿಮ್ಮ ಅವಸರವಲ್ಲ.